ಶಾಲೆ ಮುಂದಿನ ತಿರುವಿಗೆ ಹಂಪ್ ಕೇಳಿದರೆ ಸಾಕಾ?

ಓದುಗರ ಪ್ರಶ್ನೆ: ನಮ್ಮದು ಕೊಡಗಿನಲ್ಲಿ ಸಿದ್ದಾಪುರ ಕಡೆಯ ಸಣ್ಣ ಊರು. ಊರಿನ ಹೆಸರು ಹಾಕುವುದು ಬೇಡ. ಸರ್ಕಾರಿ ಪ್ರಾಥಮಿಕ ಶಾಲೆ ಮುಖ್ಯರಸ್ತೆಗೆ ಅಂಟಿಕೊಂಡೇ ಇದೆ. ಮೇಲಿನಿಂದ ಇಳಿಜಾರು, ಆಮೇಲೆ ಎಡಕ್ಕೆ ತಿರುವು, ತಿರುವು ಮುಗಿದ ಕೂಡಲೇ ಶಾಲೆ ಗೇಟು. ಗೇಟಿನ ಎದುರಿಗೇ ಬಸ್ ನಿಲ್ಲುತ್ತದೆ. ಎರಡು ವರ್ಷದ ಹಿಂದೆ ರಸ್ತೆಗೆ ಹೊಸ ಡಾಂಬರು ಹಾಕಿದರು. ಅಲ್ಲಿಂದ ಶುರುವಾಯಿತು ನಮ್ಮ ಕಷ್ಟ. ಶನಿವಾರ, ಭಾನುವಾರ ಹೋಂಸ್ಟೇಗೆ ಬರುವ ಕಾರುಗಳು, ಉಳಿದ ದಿನ ಪಿಕಪ್ ಮತ್ತು ಮರದ ಲಾರಿಗಳು. ಪಕ್ಕದಲ್ಲಿ ಆಳದ ಚರಂಡಿ ಇರುವುದರಿಂದ ಮಕ್ಕಳೂ ತೋಟದ ಕೆಲಸಕ್ಕೆ ಹೋಗುವವರೂ ಡಾಂಬರಿನ ಮೇಲೇ ನಡೆಯಬೇಕು. ಕಳೆದ ತಿಂಗಳು ನಾಲ್ಕನೇ ಕ್ಲಾಸಿನ ಹುಡುಗಿಗೆ ಬೈಕ್ ತಾಗಿ ಕೈ ಮುರಿಯಿತು. ಬೈಕಿನವರು ಆಸ್ಪತ್ರೆ ಖರ್ಚು ಕೊಟ್ಟರು, ಅಲ್ಲಿಗೇ ರಾಜಿ ಆಯಿತು. ಹಂಪ್ ಹಾಕಿಕೊಡಿ ಅಂತ ಪಂಚಾಯಿತಿಗೆ ಎರಡು ಸಲ ಅರ್ಜಿ ಕೊಟ್ಟೆವು. "ರಸ್ತೆ ನಮ್ಮದಲ್ಲ" ಅಂದರು. ಇನ್ನೊಂದು ಕಚೇರಿಗೆ ಹೋದರೆ "ಹಂಪ್ ಹಾಕಲು ಈಗ ಅನುಮತಿಯೇ ಇಲ್ಲ" ಅಂದರು. ಯಾರಾದರೂ ಸಾಯುವ ತನಕ ಯಾರೂ ತಿರುಗಿ ನೋಡುವುದಿಲ್ಲ ಅಂತ ಊರಿನ ಮಾತು. ಹುಡುಗರು ತಾವೇ ಹಂಪ್ ಹಾಕುತ್ತೇವೆ ಅಂತ ಸಿಮೆಂಟ್ ತಂದು ಇಟ್ಟಿದ್ದಾರೆ. ಒಬ್ಬ ಹಿರಿಯರು ತಿರುವಿಗೆ ದೊಡ್ಡ ಕನ್ನಡಿ ಕೊಡಿಸುತ್ತೇನೆ ಅನ್ನುತ್ತಾರೆ. ನಾನು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಏನು ಮಾಡಲಿ?

ಉತ್ತರ: ಮೊದಲು ಆ ಸಿಮೆಂಟಿನ ಮಾತು. ದಯವಿಟ್ಟು ಹುಡುಗರನ್ನು ತಡೆಯಿರಿ. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಆದರೆ ಇಳಿಜಾರಿನಲ್ಲಿ, ತಿರುವಿನ ಹತ್ತಿರ ಕೈಯಿಂದ ಹಾಕಿದ ಹಂಪ್ ಮೊದಲು ಬೀಳಿಸುವುದು ಊರಿನವರದ್ದೇ ಬೈಕನ್ನು. ಮಂಜು ಮುಸುಕಿದ ಬೆಳಿಗ್ಗೆ ಹಾಲು ಹಾಕಲು ಹೊರಟವರು, ಮಗುವನ್ನು ಮುಂದೆ ಕೂರಿಸಿಕೊಂಡು ಸಂತೆಯಿಂದ ವಾಪಸ್ ಬರುವವರು ಅದಕ್ಕೆ ಬಲಿಯಾಗುತ್ತಾರೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ವಯಸ್ಸಾದವರ ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ರಸ್ತೆ ಸುರಕ್ಷತೆಯ ಕೆಲಸದಲ್ಲಿ ಇಂಥ ಹಂಪ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಾಮಾನ್ಯವಾಗಿ ಒಂದೆರಡು ಅಡಿ ಅಗಲ, ಅರ್ಧ ಅಡಿ ಎತ್ತರ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆಯೇ ಬೇರೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂದರೆ ಹನ್ನೆರಡು ಅಡಿ ಉದ್ದಕ್ಕೆ ನಿಧಾನವಾಗಿ ಏರಿ ಇಳಿಯುವ ಉಬ್ಬು. ಗಂಟೆಗೆ 25 ಕಿಲೋಮೀಟರ್‌ನಲ್ಲಿ ಬಂದವನು ಆರಾಮವಾಗಿ ದಾಟಬೇಕು, ಜಾಸ್ತಿ ವೇಗದವನಿಗೆ ಮಾತ್ರ ಕಷ್ಟ ಆಗಬೇಕು.

ಕಾನೂನಿನ ಅಪಾಯವೂ ಸಣ್ಣದಲ್ಲ. ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡ್ಡಿ ಉಂಟುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ 5,000 ರೂಪಾಯಿವರೆಗೆ ದಂಡ. ಅಷ್ಟೇ ಆದರೆ ಪರವಾಗಿಲ್ಲ ಅನ್ನಬಹುದು. ಆ ಹಂಪ್‌ನಿಂದ ಯಾರಾದರೂ ಬಿದ್ದು ಸತ್ತರೆ ನಿರ್ಲಕ್ಷ್ಯದಿಂದಾದ ಸಾವು ಅಂತ 106ನೇ ಕಲಂ ಬರುತ್ತದೆ. ಅದಕ್ಕೆ ಐದು ವರ್ಷದವರೆಗೆ ಜೈಲು. ಊರಿಗೆ ಒಳ್ಳೆಯದು ಮಾಡಲು ಹೋದ ಇಪ್ಪತ್ತರ ಹುಡುಗನ ಮೇಲೆ ಆ ಕೇಸು ಬೀಳುವುದು ಬೇಡ, ಅಲ್ವಾ?

ಈಗ ನಿಮ್ಮ ಭಯದ ಮಾತು. ಅದಕ್ಕೆ ಆಧಾರ ಇದೆಯಾ? ಖಂಡಿತ ಇದೆ. ಲೆಕ್ಕ ನೋಡಿ. ಚಾಲಕನಿಗೆ ಅಪಾಯ ಕಂಡು, ಬ್ರೇಕ್ ಮೇಲೆ ಕಾಲು ಬೀಳಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಒದ್ದೆ ರಸ್ತೆಯಲ್ಲಿ 30ರ ವೇಗದ ಕಾರು ಪೂರ್ತಿ ನಿಲ್ಲಲು ಒಟ್ಟು 20 ಮೀಟರ್ ಆಸುಪಾಸು ಹಿಡಿಯುತ್ತದೆ. ಅದೇ ಕಾರು 60ರಲ್ಲಿ ಬಂದರೆ ಸುಮಾರು 60 ಮೀಟರ್. ವೇಗ ಎರಡು ಪಟ್ಟು, ನಿಲ್ಲುವ ದೂರ ಮೂರು ಪಟ್ಟು. ಇದು ಸಮತಟ್ಟಾದ ರಸ್ತೆಯ ಲೆಕ್ಕ. ನಿಮ್ಮದು ಇಳಿಜಾರು, ಇನ್ನೂ ಜಾಸ್ತಿ ಬೇಕು. ತಿರುವಿನ ಒಳಬದಿಯ ದರೆ, ತೋಟದ ಬೇಲಿ, ಲಂಟಾನ ಪೊದೆ ಎಲ್ಲ ಸೇರಿ ಶಾಲೆ ಗೇಟು ಚಾಲಕನಿಗೆ 35 ಮೀಟರ್ ದೂರದಲ್ಲಿ ಮಾತ್ರ ಕಾಣುತ್ತದೆ ಅಂತ ಇಟ್ಟುಕೊಳ್ಳಿ. ಆ ದೂರದಲ್ಲಿ ನಿಲ್ಲಬೇಕಾದರೆ ವೇಗ 40ಕ್ಕಿಂತ ಕೆಳಗೆ ಇರಬೇಕು. 60ರಲ್ಲಿ ಬಂದವನು ಎಷ್ಟೇ ಒಳ್ಳೆಯ ಡ್ರೈವರ್ ಆಗಿದ್ದರೂ ನಿಲ್ಲಿಸಲಾರ.

ಊರಿನ ಮಾತುಗಳಲ್ಲಿ ಎಷ್ಟು ನಿಜ?

"ಯಾರಾದರೂ ಸತ್ತರೆ ಮಾತ್ರ ನೋಡುತ್ತಾರೆ." ಇದರಲ್ಲಿ ಅರ್ಧ ನಿಜ ಇದೆ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ತೀವ್ರ ಗಾಯ ಆದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿದ್ದರೆ ಆ ಜಾಗ ಬ್ಲ್ಯಾಕ್ ಸ್ಪಾಟ್. ಬೇರೆ ರಸ್ತೆಗಳಲ್ಲೂ ಅಧಿಕಾರಿಗಳ ತಲೆಯಲ್ಲಿ ಇರುವುದು ಹೆಚ್ಚುಕಡಿಮೆ ಇದೇ ಅಳತೆ. ಹಣ ಮೊದಲು ಅಲ್ಲಿಗೇ ಹೋಗುತ್ತದೆ.

ಆದರೆ ಆ ವ್ಯಾಖ್ಯಾನದಲ್ಲಿ "ತೀವ್ರ ಗಾಯ" ಅನ್ನುವ ಮಾತಿದೆ, ಗಮನಿಸಿ. ಮೂಳೆ ಮುರಿದರೆ ಕಾನೂನಿನ ಕಣ್ಣಲ್ಲಿ ಅದು ತೀವ್ರ ಗಾಯವೇ. ನಿಮ್ಮ ಶಾಲೆಯ ಹುಡುಗಿಗೆ ಆದದ್ದು ಲೆಕ್ಕಕ್ಕೆ ಬರಬೇಕಾದ ಅಪಘಾತ. ಬಂದಿಲ್ಲ, ಯಾಕೆಂದರೆ ರಸ್ತೆ ಬದಿಯಲ್ಲೇ ರಾಜಿ ಆಯಿತು. ಕೊಡಗಿನಲ್ಲಿ ಇದು ತುಂಬಾ ಸಾಮಾನ್ಯ. ಎಲ್ಲರಿಗೂ ಎಲ್ಲರ ಪರಿಚಯ, ಬೈಕಿನವನು ಪಕ್ಕದ ಊರಿನವನು, ಸುಮ್ನೆ ಕೇಸು ಯಾಕೆ ಅಂತ ಬಿಟ್ಟುಬಿಡುತ್ತೇವೆ. ಆ ಒಳ್ಳೆತನಕ್ಕೆ ಬೆಲೆ ತೆರುವುದು ಮಾತ್ರ ರಸ್ತೆ ಬದಿಯ ಮಕ್ಕಳು. ಈಗ ಪೊಲೀಸರು ಅಪಘಾತದ ವಿವರವನ್ನು ಐರಾಡ್ ಎಂಬ ಆ್ಯಪ್‌ನಲ್ಲಿ ಸ್ಥಳದ ಗುರುತಿನ ಸಮೇತ ದಾಖಲಿಸುತ್ತಾರೆ. ಇದನ್ನು ಮೊದಲು ಜಾರಿಗೆ ತಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಎಂಜಿನಿಯರ್ ಆ ನಕ್ಷೆ ತೆರೆದಾಗ ನಿಮ್ಮ ತಿರುವಿನಲ್ಲಿ ಒಂದು ಚುಕ್ಕೆಯೂ ಇಲ್ಲದಿದ್ದರೆ "ಅಲ್ಲಿ ಏನೂ ಸಮಸ್ಯೆ ಇಲ್ಲವಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಮುಂದೆ ಇರುವ ಕಾಗದ ಹಾಗಿದೆ.

ಬೈಕಿನವನಿಗೆ ಶಿಕ್ಷೆ ಆಗಲೇಬೇಕು ಅಂತ ನಾನು ಹೇಳುತ್ತಿಲ್ಲ. ಆ ನಿರ್ಧಾರ ಹುಡುಗಿಯ ಮನೆಯವರದ್ದು. ಅವರು ಒಪ್ಪಿದರೆ ತಡವಾಗಿದ್ದರೂ ಠಾಣೆಗೆ ಲಿಖಿತ ಮಾಹಿತಿ ಕೊಡಬಹುದು. ತಡವಾದ ಕಾರಣವನ್ನು ಅದರಲ್ಲೇ ಬರೆಯಬೇಕು. ಅದು ಬೇಡ ಅನ್ನಿಸಿದರೆ ಕನಿಷ್ಠ ಆಸ್ಪತ್ರೆ ಚೀಟಿಯ ಪ್ರತಿ, ಮುಖ್ಯ ಶಿಕ್ಷಕರ ಒಂದು ಪತ್ರ, ನಡೆದ ದಿನ ಮತ್ತು ಸಮಯ ನಿಮ್ಮ ಫೈಲಿನಲ್ಲಿ ಇರಲಿ.

"ಹಂಪ್‌ಗೆ ಅನುಮತಿಯೇ ಇಲ್ಲ." ಇದು ಎಲ್ಲ ರಸ್ತೆಗೂ ಅನ್ವಯಿಸುವ ಮಾತಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ ಇರಬಾರದು ಅಂತ ಸಚಿವಾಲಯ 2016ರಲ್ಲಿ ಸೂಚನೆ ಕೊಟ್ಟಿದೆ. ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ, ಸಂಪಾಜೆ ಮೇಲೆ ಹೋಗುವ 275 ಅಂಥ ಹೆದ್ದಾರಿ. ಉಳಿದ ರಸ್ತೆಗಳಲ್ಲಿ ನಿಯಮದ ಅಳತೆಗೆ, ಎಚ್ಚರಿಕೆ ಫಲಕ ಮತ್ತು ಬಣ್ಣದ ಗುರುತಿನ ಜೊತೆ, ಸರಿಯಾದ ಜಾಗದಲ್ಲಿ ಹಾಕಬಹುದು. ನಿಮ್ಮ ಜಾಗ ಸರಿಯಾದದ್ದಾ ಅನ್ನುವುದು ಬೇರೆ ಪ್ರಶ್ನೆ. ಇಳಿಜಾರು ಮುಗಿಯುವಲ್ಲಿ, ತಿರುವಿನ ಒಳಗೆ ನಾನಂತೂ ಹಾಕಿಸುವುದಿಲ್ಲ.

"ಎಲ್ಲ ಟೂರಿಸ್ಟ್‌ಗಳಿಂದ." ಇದನ್ನು ಅಳೆಯದೆ ಅರ್ಜಿಯಲ್ಲಿ ಬರೆಯಬೇಡಿ. ನನ್ನ ಅನುಭವದಲ್ಲಿ ಪ್ರವಾಸಿಗರ ತೊಂದರೆಯೇ ಬೇರೆ ತರಹದ್ದು. ತಿರುವಿನಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ಮ್ಯಾಪ್ ನೋಡುತ್ತಾ ಹಠಾತ್ ಬ್ರೇಕ್ ಹಾಕುತ್ತಾರೆ, ಎದುರಿನಿಂದ ಏರಿ ಬರುವ ಗಾಡಿಗೆ ದಾರಿ ಬಿಡಬೇಕೆಂಬ ನಿಯಮ ಅವರಿಗೆ ಗೊತ್ತಿರುವುದಿಲ್ಲ. ತಿರುವಿನಲ್ಲಿ ವೇಗವಾಗಿ ಹೋಗುವವರು ಎಷ್ಟೋ ಸಲ ದಿನಾ ಓಡಾಡುವ ನಮ್ಮವರೇ. ಪ್ರತಿ ತಿರುವೂ ಬಾಯಿಪಾಠ ಆಗಿರುವವರಿಗೆ ಭಯ ಇರುವುದಿಲ್ಲ. ಅಳತೆ ಮಾಡಿದ ಮೇಲೆ ಯಾರ ಜೊತೆ ಮಾತಾಡಬೇಕು ಅಂತ ಗೊತ್ತಾಗುತ್ತದೆ. ಹೋಂಸ್ಟೇ ಮಾಲೀಕರ ಜೊತೆಯಾ, ಪಿಕಪ್ ಓಡಿಸುವವರ ಜೊತೆಯಾ, ಶಾಲೆ ಗಾಡಿಗಳ ಜೊತೆಯಾ ಅಂತ.

ಕನ್ನಡಿ? ಮನೆ ಅಥವಾ ತೋಟದ ಗೇಟಿನಿಂದ ಹೊರಬರುವವರಿಗೆ ಉಪಯೋಗ. ಮುಖ್ಯರಸ್ತೆಯಲ್ಲಿ ವೇಗವಾಗಿ ಬರುವವರಿಗೆ ಅದರಲ್ಲಿ ದೂರ ತಪ್ಪಾಗಿ ಕಾಣುತ್ತದೆ. ಕೊಡಗಿನ ಮಂಜಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರಲ್ಲಿ ಏನೂ ಕಾಣುವುದಿಲ್ಲ. ಹಿರಿಯರ ದುಡ್ಡನ್ನು ಮಕ್ಕಳ ರೇನ್‌ಕೋಟಿಗೆ ಕೇಳಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹೊಸ ಡಾಂಬರಿನ ಜೊತೆ ಬಂದ ಅಪಾಯ

ಗುಂಡಿ ಇದ್ದಾಗ ಎಲ್ಲರೂ ನಿಧಾನ ಹೋಗುತ್ತಿದ್ದರು. ರಸ್ತೆ ನುಣ್ಣಗಾಯಿತು, ವೇಗ ಏರಿತು. ಒಳ್ಳೆಯ ರಸ್ತೆ ಬೇಡ ಅಂತ ಇದರ ಅರ್ಥ ಅಲ್ಲ. ಡಾಂಬರು ಹಾಕುವಾಗಲೇ ಊರು ಎಲ್ಲಿ ಶುರುವಾಗುತ್ತದೆ, ಶಾಲೆ ಎಲ್ಲಿದೆ ಅಂತ ನೋಡಿ ಆ ಭಾಗಕ್ಕೆ ಬೇರೆ ಕೆಲಸ ಸೇರಿಸಬೇಕಿತ್ತು. ಫಲಕ, ಬಿಳಿ ಗೆರೆ, ನಡೆಯುವ ಜಾಗ. ಅಂದಾಜು ಪಟ್ಟಿಯಲ್ಲಿ ಅದು ಇರಲಿಲ್ಲ ಅಂತ ಕಾಣುತ್ತದೆ.

ಇನ್ನೊಂದು ವಿಷಯವನ್ನು ಜನ ಗಮನಿಸುವುದು ಕಡಿಮೆ. ಪ್ರತಿ ಸಲ ಮೇಲೆ ಡಾಂಬರು ಬಿದ್ದಾಗ ರಸ್ತೆ ಸ್ವಲ್ಪ ಎತ್ತರ ಆಗುತ್ತದೆ. ಪಕ್ಕದ ಮಣ್ಣು ಅಲ್ಲೇ ಕೆಳಗೆ ಉಳಿಯುತ್ತದೆ. ಮಳೆಗೆ ಅದೂ ಕೊಚ್ಚಿಕೊಂಡು ಹೋಗುತ್ತದೆ. ಕೊನೆಗೆ ಡಾಂಬರಿನ ಅಂಚು, ಅದರ ಕೆಳಗೆ ನೇರ ಚರಂಡಿ. ನಡುವೆ ಕಾಲಿಡಲು ಜಾಗವೇ ಇರುವುದಿಲ್ಲ. ಗಾಡಿ ಬಂದಾಗ ಮಗು ಎಲ್ಲಿಗೆ ಸರಿಯಬೇಕು? ನಿಮ್ಮ ಪತ್ರದಲ್ಲಿ ಹಂಪ್ ಮಾತು ಮೂರು ಸಲ ಬಂದಿದೆ, ಚರಂಡಿ ಮಾತು ಒಂದೇ ಸಲ. ನನ್ನನ್ನು ಕೇಳಿದರೆ ದೊಡ್ಡ ಸಮಸ್ಯೆ ಆ ಚರಂಡಿಯೇ.

ಶಾಲೆಯ ಎರಡೂ ಕಡೆ ನೂರು, ನೂರೈವತ್ತು ಮೀಟರ್ ಚರಂಡಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿದರೆ ಅದೇ ಕಾಲುದಾರಿ ಆಗುತ್ತದೆ. ಪಟ್ಟಣದ ಕಾಲುದಾರಿಗೆ ಕನಿಷ್ಠ 1.8 ಮೀಟರ್ ಬಿಡಬೇಕು ಅನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ನಿಮ್ಮಲ್ಲಿ ಅಷ್ಟು ಸಿಗದಿರಬಹುದು. ಎರಡು ಮಕ್ಕಳು ಜೊತೆಯಾಗಿ, ಕೊಡೆ ಹಿಡಿದು ನಡೆಯುವಷ್ಟು ಸಿಕ್ಕರೂ ದೊಡ್ಡ ವ್ಯತ್ಯಾಸ ಆಗುತ್ತದೆ. ಆದರೆ ಒಂದು ಷರತ್ತು ಹಾಕಿಯೇ ಕೇಳಿ: ಚಪ್ಪಡಿಗಳು ಎತ್ತಿ ತೆಗೆಯುವಂತೆ ಇರಬೇಕು. ಮೇಲೆ ಒಟ್ಟಾಗಿ ಕಾಂಕ್ರೀಟ್ ಸುರಿದುಬಿಟ್ಟರೆ ಸೊಪ್ಪು, ಮಣ್ಣು ಕಟ್ಟಿಕೊಂಡಾಗ ಬಿಡಿಸಲು ಆಗುವುದಿಲ್ಲ. ಕೊಡಗಿನ ಆಷಾಢದ ಮಳೆಗೆ ನೀರು ರಸ್ತೆ ಮೇಲೆ ಹರಿದು ಅಂಚನ್ನೇ ತಿಂದುಹಾಕುತ್ತದೆ. ತೋಟದವರೂ ಆಗ ವಿರೋಧಿಸುತ್ತಾರೆ, ಏಕೆಂದರೆ ನೀರು ನುಗ್ಗುವುದು ಅವರ ಕಾಫಿ ಗಿಡಕ್ಕೆ.

ಎರಡನೆಯದು, ದೃಷ್ಟಿಗೆ ಅಡ್ಡ ಇರುವುದನ್ನು ತೆಗೆಯುವುದು. ಒಳತಿರುವಿನ ಪೊದೆ, ಲಂಟಾನ, ರಸ್ತೆಗೆ ಬಾಗಿದ ಕೊಂಬೆ ಸವರಿದರೆ 35 ಮೀಟರ್ ಕಾಣುತ್ತಿದ್ದದ್ದು 50, 60 ಆಗಬಹುದು. ಇದಕ್ಕೆ ಖರ್ಚು ಕಡಿಮೆ, ಅಪಾಯ ಕಡಿಮೆ. ತೋಟದ ಮಾಲೀಕರ ಜೊತೆ ಕೂತು ಮಾತಾಡಿ. ಮರ ಕಡಿಯುವ ಪ್ರಶ್ನೆ ಬಂದರೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು, 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಸುಮ್ನೆ ಕಡಿಯಲು ಹೋಗಬೇಡಿ.

ಮೂರನೆಯದು ಬಸ್ ನಿಲ್ದಾಣ. ಗೇಟಿನ ನೇರ ಎದುರು ಬಸ್ ನಿಂತರೆ ಮಕ್ಕಳು ಬಸ್ಸಿನ ಹಿಂದಿನಿಂದ ಓಡುತ್ತಾರೆ, ಇಳಿಜಾರಿನಿಂದ ಬರುವವನಿಗೆ ಕಾಣುವುದಿಲ್ಲ. ನಿಲ್ದಾಣವನ್ನು ತಿರುವಿನಿಂದ ದೂರಕ್ಕೆ, ರಸ್ತೆ ನೇರ ಇರುವ ಕಡೆಗೆ ಐವತ್ತು ಮೀಟರ್ ಸರಿಸಿದರೂ ಸಾಕು. ಕೆಲವರಿಗೆ ನಡಿಗೆ ಜಾಸ್ತಿ ಆಗುತ್ತದೆ, ಬೇಜಾರಾಗುತ್ತಾರೆ. ತಂಗುದಾಣ ಯಾರದೋ ನೆನಪಿಗೆ ಕಟ್ಟಿಸಿದ್ದಾದರೆ ಇನ್ನೂ ಕಷ್ಟ. ಆದರೂ ಈ ಮಾತು ಎತ್ತಲೇಬೇಕು. ಶಾಲೆಯ ಗೇಟನ್ನೇ ಕಾಂಪೌಂಡಿನ ಇನ್ನೊಂದು ತುದಿಗೆ ಸರಿಸಲು ಆಗುತ್ತದೆಯಾ ಅಂತಲೂ ನೋಡಿ. ಅದು ಎಸ್‌ಡಿಎಂಸಿಯ ಕೈಯಲ್ಲೇ ಇರುವ ಕೆಲಸ.

ಇಷ್ಟಾದ ಮೇಲೆ ವೇಗ ತಗ್ಗಿಸುವ ಕೆಲಸ. ತಿರುವಿಗೆ ಸಾಕಷ್ಟು ಮುಂಚೆ, ನೇರ ರಸ್ತೆಯಲ್ಲಿ ರಂಬಲ್ ಸ್ಟ್ರಿಪ್, ಅಂದರೆ ಗಡಗಡ ಸದ್ದಿನ ಪಟ್ಟಿಗಳು. ಹತ್ತಿರ ಮನೆ ಇದ್ದರೆ ರಾತ್ರಿ ಸದ್ದಿಗೆ ಅವರು ಬೈಯುತ್ತಾರೆ, ಹಾಗಾಗಿ ಜಾಗವನ್ನು ಅವರ ಜೊತೆ ಮಾತಾಡಿ ಆರಿಸಬೇಕು. ರಸ್ತೆಯ ಎರಡೂ ಅಂಚಿಗೆ ಬಿಳಿ ಗೆರೆ ಎಳೆದು ಗಾಡಿಯ ದಾರಿಯನ್ನು ಕಿರಿದಾಗಿ ಕಾಣಿಸಿದರೆ ಚಾಲಕ ತಾನಾಗಿಯೇ ಸ್ವಲ್ಪ ನಿಧಾನಿಸುತ್ತಾನೆ. ಗೇಟಿನ ಮುಂದೆ ಜಾಗ ಸಮತಟ್ಟಾಗಿದ್ದು, ಬೇಕಾದಷ್ಟು ದೂರದಿಂದ ಕಾಣುವಂತಿದ್ದರೆ, ಮೇಲೆ ಚಪ್ಪಟೆಯಾಗಿರುವ ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಕೇಳಬಹುದು. ಹಂಪ್‌ನ ಕೆಲಸವನ್ನೂ ಅದು ಮಾಡುತ್ತದೆ, ಮಕ್ಕಳು ಎಲ್ಲಿ ದಾಟುತ್ತಾರೆ ಅಂತಲೂ ತೋರಿಸುತ್ತದೆ.

ವೇಗಮಿತಿ ಫಲಕದ ಬಗ್ಗೆ ಒಂದು ಮಾತು. ಬರೀ ಫಲಕದಿಂದ ವೇಗ ಇಳಿಯುವುದಿಲ್ಲ ಅನ್ನುವುದು ನಿಜ. ಆದರೂ ಅದು ಬೇಕು. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ನಿಮ್ಮಂಥ ರಸ್ತೆಗಳಿಗೆ ಕಾರಿನ ಗರಿಷ್ಠ ವೇಗ 70, ಬೈಕ್ ಮತ್ತು ಲಾರಿಗೆ 60 ಅಂತ ಇದೆ. ಸ್ಥಳೀಯವಾಗಿ ಕಡಿಮೆ ಮಿತಿ ಗೊತ್ತುಪಡಿಸದ ಕಡೆ 60ರಲ್ಲಿ ಬಂದ ಕಾರಿಗೆ ವೇಗಮಿತಿ ಮೀರಿದ ದಂಡ ಹಾಕಲು ಪೊಲೀಸರಿಗೆ ದಾರಿ ಇಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಕೆಳಗೆ ಕಡಿಮೆ ಮಿತಿ ನಿಗದಿ ಮಾಡಿ, 116ನೇ ಕಲಂ ಪ್ರಕಾರ ಫಲಕ ಹಾಕಿದರೆ ಆಗ ದಾರಿ ತೆರೆಯುತ್ತದೆ. ವೇಗ ಒಂದು ಶೇಕಡ ಏರಿದರೆ ಸಾವಿನ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಶೇಕಡ ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೇ ಸ್ವಲ್ಪ ಇಳಿಸಿದರೂ ಲಾಭ ದೊಡ್ಡದು.

ಯಾರಿಗೆ, ಏನಂತ ಬರೆಯಬೇಕು?

ರಸ್ತೆ ಯಾರದ್ದು ಅಂತ ಮೊದಲು ತಿಳಿಯಿರಿ. ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಪ್ಪು ಅಥವಾ ನೀಲಿ ಇದ್ದರೆ ಜಿಲ್ಲಾ ರಸ್ತೆ, ಕಿತ್ತಳೆ ಬಣ್ಣವಾದರೆ ಗ್ರಾಮ ರಸ್ತೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಗ್ರಾಮ ರಸ್ತೆಗಳು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಕೈಯಲ್ಲಿ. "ರಸ್ತೆ ನಮ್ಮದಲ್ಲ" ಅಂತ ಪಂಚಾಯಿತಿ ಹೇಳಿದ್ದು ಸರಿಯೇ ಇರಬಹುದು. ಆದರೆ ಅಲ್ಲಿಗೇ ಮುಗಿಸಿದ್ದು ಸರಿಯಲ್ಲ. ಗ್ರಾಮಸಭೆಯಲ್ಲಿ ವಿಷಯ ಇಟ್ಟು, ನಿರ್ಣಯ ಮಾಡಿ, ಸಂಬಂಧಪಟ್ಟ ಇಲಾಖೆಗೆ ಕಳಿಸುವುದು ಅವರಿಂದ ಆಗುವ ಕೆಲಸ. ಒಬ್ಬರ ಅರ್ಜಿಗಿಂತ ಗ್ರಾಮಸಭೆಯ ನಿರ್ಣಯಕ್ಕೆ ತೂಕ ಜಾಸ್ತಿ. ಮುಂದಿನ ಸಭೆಯಲ್ಲಿ ತೋಟದ ಕಾರ್ಮಿಕರಿರುವ ಲೈನ್ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಬೆಳಿಗ್ಗೆ ಆ ರಸ್ತೆಯಲ್ಲಿ ನಡೆಯುವವರು ಅವರು, ಆದರೆ ಅರ್ಜಿಗಳಲ್ಲಿ ಅವರ ಸಹಿ ಕಾಣುವುದೇ ಅಪರೂಪ.

ಅರ್ಜಿಗೆ ಮುಂಚೆ ಅಳತೆ ಮಾಡಿ. ರಸ್ತೆ ಬದಿಯಲ್ಲಿ 50 ಮೀಟರ್ ಅಂತರಕ್ಕೆ ಎರಡು ಗುರುತು ಹಾಕಿ. ದೊಡ್ಡವರಿಬ್ಬರು ರಸ್ತೆಯಿಂದ ದೂರ, ಬೇಲಿಯ ಒಳಗೆ ನಿಂತು ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಲಿ. ಆ ದೂರವನ್ನು 6 ಸೆಕೆಂಡಿನಲ್ಲಿ ದಾಟಿದ ಗಾಡಿ 30ರ ವೇಗದಲ್ಲಿದೆ, 3 ಸೆಕೆಂಡಿನಲ್ಲಿ ದಾಟಿದ್ದು 60ರಲ್ಲಿದೆ. ಶಾಲೆ ಬಿಡುವ ಸಮಯದಲ್ಲಿ ಒಂದು ಗಂಟೆ, ಒಂದು ವಾರದ ದಿನ ಮತ್ತು ಒಂದು ಶನಿವಾರ ಮಾಡಿದರೆ ಸಾಕು. ಗಾಡಿ ಯಾವ ತರಹದ್ದು, ಎಷ್ಟು ಮಕ್ಕಳು ದಾಟಿದರು ಅಂತಲೂ ಬರೆದುಕೊಳ್ಳಿ. ಇದು ಕೋರ್ಟಿನ ಸಾಕ್ಷ್ಯ ಅಲ್ಲ. ಆದರೆ ಎಂಜಿನಿಯರ್‌ಗೆ ಅರ್ಥ ಆಗುವ ಭಾಷೆ ಇದು.

ಅರ್ಜಿಯಲ್ಲಿ "ಹಂಪ್ ಹಾಕಿಕೊಡಿ" ಅಂತ ಬರೆದರೆ "ಬರುವುದಿಲ್ಲ" ಅಂತ ಒಂದೇ ಮಾತಿನ ಉತ್ತರ ಸಾಕಾಗುತ್ತದೆ. ಬದಲಿಗೆ ಹೀಗೆ ಬರೆಯಿರಿ: "ಈ ಕಿಲೋಮೀಟರ್ ಕಲ್ಲಿನ ಹತ್ತಿರದ ಶಾಲೆಯ ಮುಂದೆ ತಿರುವಿನಿಂದಾಗಿ ಗೇಟು ಇಷ್ಟು ಮೀಟರ್‌ನಿಂದ ಮಾತ್ರ ಕಾಣುತ್ತದೆ. ನಾವು ಅಳೆದಾಗ ಇಷ್ಟು ಗಾಡಿಗಳು 50ಕ್ಕಿಂತ ವೇಗದಲ್ಲಿದ್ದವು. ನಡೆಯಲು ಜಾಗ ಇಲ್ಲ. ಈ ದಿನ ವಿದ್ಯಾರ್ಥಿನಿಯ ಕೈ ಮುರಿದಿದೆ. ಪೊಲೀಸ್, ಪಂಚಾಯಿತಿ ಮತ್ತು ಶಾಲೆಯವರ ಜೊತೆ ಜಂಟಿ ಸ್ಥಳ ಪರಿಶೀಲನೆ ಮಾಡಿ, ಸೂಕ್ತ ಕ್ರಮವನ್ನು ಲಿಖಿತವಾಗಿ ತಿಳಿಸಿ." ಫೋಟೋ ಮತ್ತು ಕೈಯಲ್ಲಿ ಬರೆದ ಒಂದು ನಕ್ಷೆ ಲಗತ್ತಿಸಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

ಇದರ ಒಂದು ಪ್ರತಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಹೋಗಲಿ. ಪ್ರತಿ ಜಿಲ್ಲೆಯಲ್ಲೂ ಇಂಥ ಸಮಿತಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಆದೇಶ ಮಾಡಿದೆ. ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಪೊಲೀಸ್, ಸಾರಿಗೆ ಮತ್ತು ಲೋಕೋಪಯೋಗಿ ಇಲಾಖೆಯವರು ಒಂದೇ ಮೇಜಿನಲ್ಲಿ ಕೂರುವ ಜಾಗ ಅದು. ಅಲ್ಲಿ "ನಮ್ಮದಲ್ಲ" ಅಂತ ಒಬ್ಬರು ಹೇಳಿದರೆ ಪಕ್ಕದಲ್ಲೇ ಇನ್ನೊಬ್ಬರು ಇರುತ್ತಾರೆ. ನಿಮ್ಮ ವಿಷಯ ಸಭೆಯ ಕಾರ್ಯಸೂಚಿಗೆ ಸೇರಲಿ ಅಂತ ಸ್ಪಷ್ಟವಾಗಿ ಕೇಳಿ. ಮರದ ಲಾರಿಗಳ ಪ್ರಶ್ನೆಯನ್ನೂ ಅಲ್ಲೇ ಇಡಿ. ಮಳೆಗಾಲದಲ್ಲಿ ಮರದ ದಿಮ್ಮಿ, ಮರಳು ಸಾಗಿಸುವ ಭಾರಿ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದನ್ನು ನೀವು ನೋಡಿದ್ದೀರಿ. ಅದಕ್ಕೆ ಬಳಸುವ ಮೋಟಾರು ವಾಹನ ಕಾಯ್ದೆಯ 115ನೇ ಕಲಮ್ಮನ್ನೇ ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೂ ಬಳಸಬಹುದು. ಲಾರಿ ಓಡಿಸಿ ಬದುಕುವವರ ವಿರೋಧ ಬರಬಹುದು. ದಿನಕ್ಕೆ ಒಂದು, ಒಂದೂವರೆ ಗಂಟೆಯ ನಿರ್ಬಂಧ ಕೇಳಿದರೆ ಅವರನ್ನೂ ಒಪ್ಪಿಸಬಹುದು.

ಜನಸ್ಪಂದನ ಸಹಾಯವಾಣಿ 1902ಕ್ಕೂ ದೂರು ದಾಖಲಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ತಿಂಗಳು, ಒಂದೂವರೆ ತಿಂಗಳಾದರೂ ಉತ್ತರ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ನಿಮ್ಮ ಅರ್ಜಿ ಮೇಲೆ ಏನು ಟಿಪ್ಪಣಿ ಬರೆದಿದ್ದಾರೆ, ಡಾಂಬರು ಕೆಲಸದ ಅಂದಾಜು ಪಟ್ಟಿಯಲ್ಲಿ ಫಲಕ ಮತ್ತು ಗುರುತುಗಳಿಗೆ ಹಣ ಇತ್ತಾ ಅಂತ ಕೇಳಿ. ಇದ್ದೂ ಕೆಲಸ ಆಗಿಲ್ಲದಿದ್ದರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಮೋಟಾರು ವಾಹನ ಕಾಯ್ದೆಯ 198ಎ ಕಲಂ ಬಗ್ಗೆಯೂ ತಿಳಿದಿರಲಿ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಅಧಿಕಾರಿ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮೊದಲ ಪತ್ರದಲ್ಲೇ ಇದನ್ನು ಬರೆದು ಹೆದರಿಸಬೇಡಿ. ಎಂಜಿನಿಯರ್ ನಿಮ್ಮ ಜೊತೆ ಸ್ಥಳಕ್ಕೆ ಬರಬೇಕಾದವರು.

ರಸ್ತೆ ತಡೆಯ ಮಾತು ಊರಿನಲ್ಲಿ ಬಂದೇ ಬರುತ್ತದೆ. ಅದರಿಂದ ಅಧಿಕಾರಿಗಳು ಓಡಿ ಬರುತ್ತಾರೆ ನಿಜ, ಎಷ್ಟೋ ಸಲ ಬಾಯಿಮಾತಿನ ಭರವಸೆ ಕೊಟ್ಟು ಹೋಗುತ್ತಾರೆ. ಕೇಸು ಮಾತ್ರ ಊರಿನವರ ಮೇಲೆ ಉಳಿಯುತ್ತದೆ. ಮಡಿಕೇರಿ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ಆ ಸಾಲಿನಲ್ಲಿ ಸಿಕ್ಕಿಹಾಕಿಕೊಂಡರೆ ಅದನ್ನು ಸರಿಮಾಡಲು ಆಗುವುದಿಲ್ಲ. ಬೇಕಾದರೆ ಕಚೇರಿಯ ಮುಂದೆ, ಅನುಮತಿ ಪಡೆದು ಕೂರಿ. ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವುದು ಕೊನೆಯ ದಾರಿ. ಖರ್ಚಿದೆ, ಸಮಯ ಹಿಡಿಯುತ್ತದೆ. ಅಲ್ಲಿಗೆ ಹೋಗಬೇಕಾದರೂ ಮೇಲೆ ಹೇಳಿದ ಕಾಗದಗಳೆಲ್ಲ ಕೈಯಲ್ಲಿ ಇರಲೇಬೇಕು.

ಕಾಲದ ಲೆಕ್ಕವನ್ನೂ ಮರೆಯಬೇಡಿ. ನಮ್ಮಲ್ಲಿ ಡಾಂಬರು, ಬಣ್ಣದ ಕೆಲಸ ಮಳೆ ನಿಂತ ಮೇಲೆಯೇ. ಒದ್ದೆ ರಸ್ತೆಗೆ ಗೆರೆಯ ಬಣ್ಣ ಹಿಡಿಯುವುದಿಲ್ಲ. ಏಪ್ರಿಲ್‌ನಲ್ಲಿ ಅರ್ಜಿ ಕೊಟ್ಟರೆ ಫೈಲು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಮಳೆ ಬಂದಿರುತ್ತದೆ. ಜುಲೈ, ಆಗಸ್ಟ್‌ನಲ್ಲೇ ಪರಿಶೀಲನೆ ಮುಗಿದು ಅಂದಾಜು ಪಟ್ಟಿ ಸಿದ್ಧವಾದರೆ, ನವೆಂಬರ್, ಡಿಸೆಂಬರ್‌ನ ಹುತ್ತರಿ ಹಬ್ಬದ ಹೊತ್ತಿಗೆ ಕೆಲಸ ಶುರುವಾಗಬಹುದು. ಕಾಫಿ ಕೊಯ್ಲು ಶುರುವಾಗಿ ರಸ್ತೆಯಲ್ಲಿ ಪಿಕಪ್, ಜೀಪು, ನಡೆದು ಹೋಗುವ ಜನ ಎಲ್ಲ ಜಾಸ್ತಿ ಆಗುವುದೂ ಅದೇ ಹೊತ್ತಿಗೆ.

ಅಷ್ಟರವರೆಗೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಮಕ್ಕಳನ್ನು ರಸ್ತೆಯ ಬಲಬದಿಯಲ್ಲಿ, ಎದುರಿನ ಗಾಡಿ ಕಾಣುವಂತೆ ನಡೆಸಿ. ಅವರು ಒಳತಿರುವಿನ ದರೆಯ ಬದಿಗೆ ಬರುವ ಜಾಗದಲ್ಲಿ ಮಾತ್ರ ಮೊದಲೇ ಆಚೆ ಬದಿಗೆ ದಾಟಿಸಿಬಿಡಿ. ಕಪ್ಪು ಕೊಡೆ, ಕಡುನೀಲಿ ರೇನ್‌ಕೋಟು ಮಂಜಿನಲ್ಲಿ ಕಾಣುವುದೇ ಇಲ್ಲ. ಹಳದಿ ಅಥವಾ ಕಿತ್ತಳೆ ರೇನ್‌ಕೋಟು, ಬ್ಯಾಗಿಗೆ ಹೊಳೆಯುವ ಪಟ್ಟಿ ಕೊಡಿಸಲು ಆ ಹಿರಿಯರ ದುಡ್ಡು ಬಳಸಿ. ಶಾಲೆ ಬಿಟ್ಟಾಗ ಮಕ್ಕಳನ್ನು ಒಟ್ಟಿಗೆ ಬಿಡದೆ, ಗುಂಪು ಗುಂಪಾಗಿ, ಬಸ್ ಹೊರಟ ಮೇಲೆ ದಾಟಿಸಿ. ಸಿಮೆಂಟ್ ತಂದ ಹುಡುಗರನ್ನೇ ಇದಕ್ಕೆ ಕರೆಯಿರಿ. ಹೊಳೆಯುವ ಜಾಕೆಟ್ ಹಾಕಿ ಇಬ್ಬರು ನಿಲ್ಲಲಿ, ತಿರುವಿನ ಮೇಲೆ ಒಬ್ಬ, ಗೇಟಿನ ಹತ್ತಿರ ಒಬ್ಬ. ವಾಹನ ತಡೆದು ನಿಲ್ಲಿಸುವ ಅಧಿಕಾರ ಅವರಿಗಿಲ್ಲ, ನಡುರಸ್ತೆಗೆ ಇಳಿಯಲೂ ಬಾರದು. ಹೇಗೆ ನಿಲ್ಲಬೇಕು, ಹೇಗೆ ಸನ್ನೆ ಮಾಡಬೇಕು ಅಂತ ಠಾಣೆಯವರನ್ನು ಕೇಳಿ, ಒಂದು ದಿನ ಬಂದು ತೋರಿಸಿಕೊಡಲಿ. ಹೋಂಸ್ಟೇಯವರು ಅತಿಥಿಗಳಿಗೆ ದಾರಿಯ ಮೆಸೇಜ್ ಕಳಿಸುವಾಗ ಶಾಲೆ ತಿರುವಿನ ಬಗ್ಗೆ ಒಂದು ಸಾಲು ಸೇರಿಸಲಿ.

ಜಂಟಿ ಪರಿಶೀಲನೆ ದಿನ ಗೊತ್ತಾದರೆ ಶಾಲೆ ಬಿಡುವ ಹೊತ್ತಿಗೇ ಬರುವಂತೆ ಕೇಳಿ. ಹನ್ನೊಂದು ಗಂಟೆಗೆ ಬಂದು ನೋಡಿದರೆ ಖಾಲಿ ರಸ್ತೆ ಕಾಣುತ್ತದೆ. ನೀವು ಅಳೆದ ಪಟ್ಟಿ ಮತ್ತು ತಿರುವಿನ ನಾಲ್ಕೈದು ಫೋಟೋ ನನಗೂ ಕಳಿಸಿ. ಅರ್ಜಿ ಕೊಡುವ ಮೊದಲು ಕರಡನ್ನು ಓದಿ, ಏನು ಬಿಟ್ಟುಹೋಗಿದೆ ಅಂತ ಹೇಳುತ್ತೇನೆ.